ಆರಿಸುವವರು ಯಾರು, ಕೇಳುವವರು ಯಾರು?

ಮೇಲಿನ ಕುರ್ಚಿ ಖಾಲಿಯಾದರೆ ಹತ್ತಿ ಖರೀದಿಯ ಕಾಗದವೂ ಸಹಿಗಾಗಿ ಕಾಯುತ್ತದೆಂಬುದನ್ನು ಗಿರಣಿಯ ಗುಮಾಸ್ತರಾದ ನಾವು ಬಲ್ಲೆವು. ಕೇಂದ್ರ ಸರಕಾರದ ಉದ್ಯಮಗಳ ಮುಖ್ಯಾಧಿಕಾರಿಗಳ ಹೆಸರನ್ನು ಸಾಮಾನ್ಯವಾಗಿ 1974ರಲ್ಲಿ ಸ್ಥಾಪಿತವಾದ ಆಯ್ಕೆ ಮಂಡಲಿಯು ಸೂಚಿಸುತ್ತದೆ. ಒಪ್ಪಿಗೆ ಕೊಡುವುದು ಮಂತ್ರಿಮಂಡಲದ ನೇಮಕಾತಿ ಸಮಿತಿ. ಹಾಗಾದರೆ ಸಂಸತ್ತಿನ ಕೆಲಸವೇನು?

1964ರಲ್ಲಿ ಹುಟ್ಟಿದ ಸಾರ್ವಜನಿಕ ಉದ್ಯಮಗಳ ಸಮಿತಿಯಲ್ಲಿ ಈಗ ಲೋಕಸಭೆಯ 15, ರಾಜ್ಯಸಭೆಯ 7 ಸ್ಥಾನಗಳಿವೆ, ಮಂತ್ರಿಗಳು ಸದಸ್ಯರಾಗುವಂತಿಲ್ಲ. ಈ ಸಮಿತಿಯು ಯಾರನ್ನೂ ನೇಮಿಸದು, ದಿನನಿತ್ಯದ ಆಡಳಿತದಲ್ಲಿ ಕೈಹಾಕದು. ಆದರೆ ಲೆಕ್ಕಪತ್ರ ತರಿಸಿ, ಅಧಿಕಾರಿಗಳನ್ನು ಕರೆಸಿ, ಕುರ್ಚಿ ಏಕೆ ಖಾಲಿ ಉಳಿಯಿತು, ಅದರಿಂದಾದ ನಷ್ಟವೆಷ್ಟು ಎಂದು ಕೇಳಬಲ್ಲದು; ಕಂಡುದನ್ನು ವರದಿಯಾಗಿ ಸಂಸತ್ತಿನ ಮುಂದಿಡುತ್ತದೆ.

ಹಣ ನಮ್ಮದು, ಆದ್ದರಿಂದ ಪ್ರಶ್ನೆಯೂ ನಮ್ಮದೇ. ವಾಚನಾಲಯದ ಪತ್ರಿಕೆಗಳಲ್ಲಿ ಅಂಥ ವರದಿಯ ಸುದ್ದಿ ಕಂಡಾಗ, ವಾಚಕರೇ, ಪುಟ ಮಗುಚಬೇಡಿರಿ.