ದಾನಿ ಕಾರು: ಬಿಚ್ಚುತ್ತಾ ಕಲಿತ ಪಾಠ

ಈ ಸಂಚಿಕೆಯ ಓದುಗರಿಗೆ ರಕ್ತದಾನಿ, ನೇತ್ರದಾನಿ, ಅನ್ನದಾನಿ ಎಲ್ಲರೂ ಪರಿಚಿತರು. ‘ದಾನಿ ಕಾರು’ ಎಂಬ ಮಾತನ್ನು ಕೇಳಿದವರು ಮಾತ್ರ ಕಡಿಮೆ ಇರಬಹುದು. ಮೈಯೆಲ್ಲ ತುಕ್ಕು ಹಿಡಿದ ಹಳೆಯ ಕಾರೊಂದು ತನ್ನ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗಳನ್ನು ಹೊಸದೊಂದು ಚೌಕಟ್ಟಿಗೆ ಕೊಟ್ಟು, ಉಳಿದ ದೇಹದೊಂದಿಗೆ ತಾನು ಗುಜರಿಗೆ ಹೋಗುತ್ತದೆ. ಆ ಹೊಸ ಚೌಕಟ್ಟು, ಮೇಲ್ಮೈಯ ಹಲಗೆಗಳು, ಒಂದಷ್ಟು ನಟ್ಟು-ಬೋಲ್ಟುಗಳು ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ. ಅದೇ ಕಿಟ್ ಕಾರು. ಜೋಡಿಸುವ ಕೆಲಸ ಮಾತ್ರ ನಮ್ಮದು.

ನಾವಿರುವುದು ದುಬೈಯ ನೈಫ್‌ನಲ್ಲಿ, 1939ರಲ್ಲಿ ಕಟ್ಟಿದ ನೈಫ್ ಕೋಟೆಯಿಂದ ನಡೆದು ಹೋಗುವಷ್ಟು ದೂರದ ಒಂದು ಫ್ಲಾಟಿನಲ್ಲಿ. ಇಲ್ಲಿ ಸಂಜೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ಪೂರ್ವಜನ್ಮದ ಪುಣ್ಯ, ಇನ್ನು ಕಾರು ಕಟ್ಟುವುದೆಲ್ಲಿ ಬಂತು! ಅಲ್ಲದೆ ಇಲ್ಲಿನ ಕಾನೂನಿನಂತೆ ಅನುಮತಿಯಿಲ್ಲದೆ ವಾಹನದ ಎಂಜಿನನ್ನಾಗಲಿ ಚಾಸಿಯನ್ನಾಗಲಿ ಬದಲಿಸುವಂತಿಲ್ಲ. ಊರಿನಲ್ಲಿ ಮಾಡೋಣವೆಂದರೆ ಅಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿದೆ. ನಮ್ಮ ಆಸೆ ಕೈಗೂಡಿದ್ದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಭಾವಮೈದುನನ ಮನೆಯ ಗ್ಯಾರೇಜಿನಲ್ಲಿ. 2022 ಮತ್ತು 2023ರ ಬೇಸಿಗೆ ರಜೆಗಳಲ್ಲಿ ನಾವು ಮೂವರು ಅಲ್ಲಿಗೆ ಹೋಗಿ, ಆ ಮನೆಯ ನಾಲ್ವರೊಂದಿಗೆ ಸೇರಿ ಈ ಕೆಲಸ ಮಾಡಿದೆವು.

ಬ್ರಿಟನ್ನಿನಲ್ಲಿ ಈ ಹವ್ಯಾಸ ಬೆಳೆದದ್ದರ ಹಿಂದೆ ತೆರಿಗೆಯ ಕತೆಯೊಂದಿದೆ. 1957ರಲ್ಲಿ ಕಾಲಿನ್ ಚಾಪ್‌ಮನ್ ತಮ್ಮ ಲೋಟಸ್ ಸೆವೆನ್ ಕಾರನ್ನು ಕಿಟ್ ರೂಪದಲ್ಲಿಯೂ ಮಾರಾಟಕ್ಕೆ ತಂದರು. ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಆದರೆ ಜೋಡಿಸುವ ಸೂಚನೆಗಳನ್ನು ಜೊತೆಗೆ ಕೊಡುವಂತಿರಲಿಲ್ಲವಂತೆ. ಅದಕ್ಕೆ ಅವರು ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು, ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಲೆಂದು ಬಿಟ್ಟರು ಎಂಬ ಕತೆ ಬಹಳ ಪ್ರಸಿದ್ಧ. ಕತೆಯಲ್ಲಿ ಉಪ್ಪುಖಾರ ಎಷ್ಟೇ ಸೇರಿರಲಿ, ನಮ್ಮ ಎರಡು ಬೇಸಿಗೆಗಳ ಅನುಭವದಲ್ಲಿ ಅದರಷ್ಟು ನಿಜವಾದ ಮಾತು ಇನ್ನೊಂದಿಲ್ಲ.

ನಮ್ಮ ಬೆಂಗಳೂರಿನವರಿಗೆ ಇಂಥ ಕಾರಿನ ದೂರದ ನೆಂಟನೊಬ್ಬ ನೆನಪಿರಬಹುದು. ಎಂಬತ್ತರ ದಶಕದಲ್ಲಿ ಸಿಪಾನಿಯವರು ಬೆಂಗಳೂರಿನಲ್ಲಿ ತಯಾರಿಸಿದ, ಎರಡು ಬಾಗಿಲಿನ ‘ಡಾಲ್ಫಿನ್’. ಅದು ಕಿಟ್ ಕಾರಲ್ಲ, ಕಾರ್ಖಾನೆಯ ಕಾರೇ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ವಿನ್ಯಾಸದಿಂದ ಬಂದದ್ದು. ಅದರ ಮೈ ಫೈಬರ್‌ಗ್ಲಾಸಿನದು, ಭಾರ ಹೊರುವ ಚಾಸಿ ಬೇರೆಯೇ. ಕಿಟ್ ಕಾರು ಸಾಧ್ಯವಾಗುವುದೂ ಈ ತತ್ತ್ವದಿಂದಲೇ: ಚೌಕಟ್ಟು ಭಾರ ಹೊತ್ತರೆ ಮೈ ಬರಿಯ ಅಂಗಿ. ಇಂದಿನ ಸಾಮಾನ್ಯ ಕಾರುಗಳಲ್ಲಿ ಹಾಗಿಲ್ಲ, ತಗಡಿನ ಮೈಯೇ ಅಸ್ಥಿಪಂಜರವೂ ಹೌದು. ಆದ್ದರಿಂದ ಅದು ತುಕ್ಕು ಹಿಡಿದರೆ ಒಳಗಿನ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾರಿನ ಆಯುಸ್ಸು ಮುಗಿದಂತೆಯೇ.

ನಮ್ಮ ದಾನಿ ಮಜ್ದಾ ಎಮ್‌ಎಕ್ಸ್-5. 1989ರಲ್ಲಿ ಬಂದ ಈ ಪುಟ್ಟ ಎರಡು ಸೀಟಿನ ಕಾರಿಗೆ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಬ್ರಿಟನ್ನಿನ ಮಳೆಗೂ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೂ ಇದರ ಬಾಗಿಲ ಕೆಳಗಿನ ಪಟ್ಟಿ, ಹಿಂಚಕ್ರದ ಕಮಾನುಗಳು ತಿಂದುಹೋಗುತ್ತವೆ, ಎಂಜಿನ್ ಮಾತ್ರ ಗಟ್ಟಿಯಾಗಿರುತ್ತದೆ. ಇನ್ನೊಂದು ಅನುಕೂಲವೆಂದರೆ ಇದರ ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್‌ಗೂ ನಡುವೆ ಉದ್ದನೆಯ ಅಲ್ಯುಮಿನಿಯಂ ತೊಲೆಯೊಂದಿದೆ. ಹೀಗಾಗಿ ವೈರು, ಪೈಪು, ಬೋಲ್ಟುಗಳನ್ನು ಬಿಡಿಸಿ ಮೈಯನ್ನು ಮೇಲಕ್ಕೆತ್ತಿದರೆ ಎಂಜಿನ್‌ನಿಂದ ಹಿಂಚಕ್ರದವರೆಗಿನ ಎಲ್ಲವೂ ಒಂದೇ ತುಂಡಾಗಿ ನೆಲದ ಮೇಲೆ ನಿಂತಿರುತ್ತದೆ, ಮೀನಿನ ಮಾಂಸ ಬಿಡಿಸಿದ ಮೇಲೆ ಉಳಿಯುವ ಮುಳ್ಳಿನ ಹಾಗೆ. ಬಾಗಿಲು, ಮಾಡು ಇಲ್ಲದ ‘ಎಕ್ಸೋಸೆಟ್’ ಎಂಬ ಹೆಸರಾಂತ ಕಿಟ್ಟನ್ನು ರೂಪಿಸಿದ್ದು ಇದೇ ಗುಣವನ್ನು ನಂಬಿ. ನಾವು ಕಟ್ಟಿದ್ದೂ ಅದೇ ಬಗೆಯದು.

ಮೊದಲ ಬೇಸಿಗೆಯೆಲ್ಲ ಬಿಚ್ಚುವುದರಲ್ಲೇ ಕಳೆಯಿತು. ಪೆಟ್ರೋಲ್ ಖಾಲಿ ಮಾಡುವುದು, ಬ್ಯಾಟರಿ ಕಳಚುವುದು ಮೊದಲ ಕೆಲಸ. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಕಾದೇ ಸ್ಟಿಯರಿಂಗ್ ಮುಟ್ಟಬೇಕು. ಜಾಕಿಯ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು, ಸ್ಟ್ಯಾಂಡ್ ಇಟ್ಟಿರಲೇಬೇಕು. ಭಾವಮೈದುನ ಇನ್ನೊಂದು ನಿಯಮ ಮಾಡಿದ್ದ: ಮಕ್ಕಳಲ್ಲಿ ಯಾರು ‘ನಿಲ್ಲಿ’ ಎಂದರೂ ದೊಡ್ಡವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಬೇಕು, ಕಾರಣ ಆಮೇಲೆ ಕೇಳಬಹುದು. ನಮಗೆ ಅದು ಸ್ವಲ್ಪ ಅತಿಯೆನಿಸಿತ್ತು. ಆಗ ಹದಿಮೂರು ವರ್ಷದವಳಾಗಿದ್ದ ನಮ್ಮ ಮಗಳಿಗೆ ಸಿಕ್ಕಿದ್ದು ಗುಮಾಸ್ತೆಯ ಕೆಲಸ. ಯಾವುದೇ ಭಾಗ ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಬೋಲ್ಟುಗಳು ಝಿಪ್ ಚೀಲಕ್ಕೆ, ಚೀಲದ ಮೇಲೆ ಸಂಖ್ಯೆ, ಅದೇ ಸಂಖ್ಯೆ ನೋಟ್‌ಬುಕ್ಕಿನಲ್ಲಿ. ವೈರಿಂಗಿನ ಒಂದೊಂದು ಕವಲಿಗೂ ಚೀಟಿ ಅಂಟಿಸಿದವಳೂ ಅವಳೇ. ಕಂಪ್ಯೂಟರ್ ಕೆಲಸದ ನಮಗೆ ಹಳೆಯ ಪ್ರೋಗ್ರಾಮಿಗೆ ಕೈ ಹಾಕುವ ಮೊದಲು ಅದರ ಪ್ರತಿ ತೆಗೆದಿಡುವುದು ಅಭ್ಯಾಸ. ಗ್ಯಾರೇಜಿನಲ್ಲಿ ಆ ಬುದ್ಧಿ ಅವಳಿಗಿತ್ತು, ನಮಗಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಎರಡನೇ ಬೇಸಿಗೆಗೆ ಹೊರಡುವ ಮೊದಲು ನೈಫ್‌ನಿಂದ ನಾವೂ ಕಾಣಿಕೆ ಕೊಡೋಣವೆನಿಸಿತು. ನೈಫ್ ರಸ್ತೆಯ ಆಸುಪಾಸಿನ ಬಿಡಿಭಾಗದ ಅಂಗಡಿಗಳನ್ನು ನೀವು ಬಲ್ಲಿರಿ. ಪಾರ್ಟ್ ನಂಬರ್ ಹೇಳಿದರೆ ಸಾಕು, ಕೌಂಟರಿನಾಚೆಯ ಹುಡುಗ ಒಳಗೆ ಹೋಗಿ ಪೆಟ್ಟಿಗೆ ಹಿಡಿದು ಬರುತ್ತಾನೆ. ಒಂದು ಅಂಗಡಿಯಲ್ಲಿ ಬ್ರೇಕ್ ಪ್ಯಾಡುಗಳು ಅರ್ಧ ಬೆಲೆಗೆ ಸಿಕ್ಕಿದವು. ನಮ್ಮ ಮನೆಯಾಕೆ “ಇಷ್ಟು ಅಗ್ಗಕ್ಕೆ ಏಕೆ ಕೊಡುತ್ತಾನೆ?” ಎಂದು ಕೇಳಿದ್ದಕ್ಕೆ ನಮ್ಮ ಚೌಕಾಸಿಯ ಜಾಣ್ಮೆಯನ್ನೇ ಹೊಗಳಿಕೊಂಡೆವು. ಕೊವೆಂಟ್ರಿಯಲ್ಲಿ ಭಾವಮೈದುನ ನಾಲ್ಕು ಪ್ಯಾಡುಗಳಿಗೂ ವರ್ನಿಯರ್ ಹಿಡಿದ. ಒಂದೇ ಪೆಟ್ಟಿಗೆಯ ನಾಲ್ಕರ ಹಿಂದಟ್ಟೆಗೆ ನಾಲ್ಕು ದಪ್ಪ, ಒಂದರ ಅಂಚಿನಲ್ಲಿ ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. “ಭಾವ, ಇದರಲ್ಲಿ ಪೆಟ್ಟಿಗೆ ಒಂದೇ ಅಸಲಿ” ಎಂದು ಹೇಳಿ ಕಸದ ಡಬ್ಬಿಗೆ ಹಾಕಿದ. ದಾನಿಯಿಂದ ಏನು ತೆಗೆದುಕೊಳ್ಳಬಾರದು ಎಂಬ ಪಟ್ಟಿ ಆಗಲೇ ಗೋಡೆಯ ಮೇಲಿತ್ತು: ಬ್ರೇಕ್ ಪ್ಯಾಡು, ಬ್ರೇಕಿನ ರಬ್ಬರ್ ಹೋಸು, ಚಕ್ರದ ಬೇರಿಂಗು, ಸೀಟ್ ಬೆಲ್ಟು. ಅದರ ಕೆಳಗೆ ಮಕ್ಕಳು ‘ಮಾವನ ಸೂಟ್‌ಕೇಸಿನಿಂದಲೂ ಬೇಡ’ ಎಂದು ಸೇರಿಸಿದರು.

ಇನ್ನು ಮುಖ್ಯ ಸಂಗತಿಗೆ ಬರೋಣ. ನಾವು ದುಬೈಗೆ ಮರಳುವ ಹಿಂದಿನ ದಿನ ಬ್ರೇಕಿನ ಗಾಳಿ ತೆಗೆಯುವ ಕೆಲಸ ಬಾಕಿಯಿತ್ತು. ಬ್ರೇಕಿನ ತತ್ತ್ವ ಸರಳ. ಪೆಡಲ್ ಒತ್ತಿದಾಗ ಕೊಳವೆಯಲ್ಲಿನ ದ್ರವ ಆ ಒತ್ತಡವನ್ನು ಚಕ್ರದವರೆಗೆ ಸಾಗಿಸುತ್ತದೆ, ಏಕೆಂದರೆ ದ್ರವ ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ನೀರು ತುಂಬಿದ ಸಿರಿಂಜಿನ ಬಾಯಿ ಮುಚ್ಚಿ ಒತ್ತಿ ನೋಡಿ, ಆಮೇಲೆ ಗಾಳಿ ತುಂಬಿದ್ದನ್ನು ಒತ್ತಿ ನೋಡಿ, ಮಕ್ಕಳಿಗೂ ಥಟ್ಟನೆ ಅರ್ಥವಾಗುತ್ತದೆ. ಕೊಳವೆಯಲ್ಲಿ ಗುಳ್ಳೆಗಳು ಉಳಿದರೆ ಪೆಡಲ್ ಮೆತ್ತಗಾಗಿ, ಒತ್ತಿದ್ದರಲ್ಲಿ ಬಹುಪಾಲು ಗುಳ್ಳೆ ಕುಗ್ಗಿಸುವುದಕ್ಕೇ ವ್ಯರ್ಥವಾಗುತ್ತದೆ. ಅದಕ್ಕಾಗಿ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಟ್ಟು, ಪೆಡಲ್ ಮೇಲೆ ಬರುವ ಮೊದಲೇ ಮತ್ತೆ ಬಿಗಿಯಬೇಕು. ಪೆಡಲಿನ ಮೇಲೆ ಮಗಳು, ನಿಪ್ಪಲಿನ ಬಳಿ ನಾವು. “ಒತ್ತು... ಹಿಡಿ... ಬಿಡು.” ಒಂದು ಗಂಟೆಯ ನಂತರ ಗುಳ್ಳೆ ಬರುವುದು ನಿಂತಿತು. ಸಾಕು ಎಂದೆವು.

“ಅಪ್ಪ, ಇನ್ನೂ ಮೆತ್ತಗಿದೆ.”

ಹೊಸ ಪ್ಯಾಡು, ಸವೆದ ಮೇಲೆ ಸರಿಹೋಗುತ್ತದೆ ಎಂದೆವು. ಇನ್ನೊಮ್ಮೆ ಹೇಳಿದಳು. ಸೂಟ್‌ಕೇಸ್ ತುಂಬುವುದು ಬಾಕಿಯಿದೆ ಎಂದು ಗದರಿದೆವು. ಆಗ ಅವಳು ಪೆಡಲಿನಿಂದ ಕಾಲು ತೆಗೆದು “ನಿಲ್ಲಿ” ಎಂದಳು. ನಿಯಮ ನಿಯಮವೇ, ಸ್ಪ್ಯಾನರ್ ಕೆಳಗಿಟ್ಟೆವು.

ಹಿಂದಿನ ಬೇಸಿಗೆಯ ಫೋಟೊಗಳನ್ನು ತೆಗೆದು ನೋಡಿದಳು. ದಾನಿ ಕಾರಿನಲ್ಲಿ ಮುಂಚಕ್ರದ ಬ್ರೇಕ್ ಕ್ಯಾಲಿಪರಿನ ಮೇಲ್ತುದಿಯಲ್ಲಿ ನಿಪ್ಪಲ್ ಇತ್ತು. ನಾವು ಜೋಡಿಸಿದ್ದರಲ್ಲಿ ಅದು ಕೆಳತುದಿಯಲ್ಲಿತ್ತು. ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿಬಿಟ್ಟಿದ್ದೆವು! ಬೋಲ್ಟು ಸರಿಯಾಗಿ ಕೂರುತ್ತದೆ, ಕಣ್ಣಿಗೆ ಎಲ್ಲವೂ ಸರಿಯೇ. ಆದರೆ ಗಾಳಿ ಮೇಲಕ್ಕೇರಿ ಕ್ಯಾಲಿಪರಿನ ನೆತ್ತಿಯಲ್ಲಿ ಕೂತಿರುತ್ತದೆ, ಕೆಳಗಿನ ನಿಪ್ಪಲಿನಿಂದ ದಿನವಿಡೀ ತೆಗೆದರೂ ಬರಿಯ ದ್ರವವೇ ಬರುತ್ತದೆ. ಗುಳ್ಳೆ ನಿಂತಿತೆಂದು ನಾವು ಸಮಾಧಾನಪಟ್ಟದ್ದು ಅದಕ್ಕೇ. ಕಿಟ್ ಕಟ್ಟುವವರಲ್ಲಿ ಇದು ಹಳೆಯ ತಪ್ಪು ಎಂದು ಭಾವಮೈದುನ ಸಮಾಧಾನ ಹೇಳಿದ. ಮರುದಿನ ಆ ಕಾರನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ಮೊದಲ ಸಲ ಇಳಿಸಬೇಕಿದ್ದುದು ಅವನೇ, ಪಕ್ಕದ ಸೀಟಿನಲ್ಲಿ ಅವನ ಮಗ.

ಆ ರಾತ್ರಿ ಎರಡೂ ಕ್ಯಾಲಿಪರುಗಳನ್ನು ಬಿಚ್ಚಿ ಬದಿ ಬದಲಿಸಿ, ಹೊಸ ದ್ರವ ತುಂಬಿಸಿ, ಮತ್ತೆ ಗಾಳಿ ತೆಗೆದಾಗ ಹನ್ನೊಂದೂವರೆ. ತೆರೆದಿಟ್ಟ ಡಬ್ಬಿಯ ಬ್ರೇಕ್ ದ್ರವ ಗಾಳಿಯಿಂದ ತೇವ ಹೀರುತ್ತದೆ, ಹಾಗೆ ಹೀರಿದ್ದು ಬಿಸಿಯೇರಿದಾಗ ಬೇಗ ಕುದಿದು ಆವಿಯಾಗಿ ಮತ್ತೆ ಅದೇ ಗುಳ್ಳೆಯ ಕತೆಯಾಗುತ್ತದೆ. ಹೀಗಾಗಿ ಉಳಿದದ್ದನ್ನು ಇಟ್ಟುಕೊಳ್ಳದೆ ಹೊಸ ಡಬ್ಬಿ ಒಡೆದೆವು. ಈ ಸಲ ಪೆಡಲ್ ಕಲ್ಲಿನಂತಿತ್ತು. ಅತ್ತೆ ಮಾಡಿಕೊಟ್ಟ ಅವಲಕ್ಕಿ ತಿಂದು ಮಲಗಿದಾಗ ಎರಡು ಗಂಟೆ. ಮಗಳ ಹತ್ತಿರ ಕ್ಷಮೆ ಕೇಳಿದ್ದು ವಿಮಾನದಲ್ಲಿ.

ಬ್ರಿಟನ್ನಿನಲ್ಲಿ ಹೀಗೆ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಸರಕಾರದ ಪರೀಕ್ಷೆಗೆ ಹೋಗಬೇಕು. ಐವಿಎ ಎಂದು ಅದರ ಹೆಸರು. ಕಾರುಗಳ ಮಟ್ಟಿಗೆ 2009ರಿಂದ ಜಾರಿಯಲ್ಲಿದೆ. ಬ್ರೇಕು, ದೀಪ, ಹೊಗೆ, ಸ್ಪೀಡೋಮೀಟರ್ ಎಲ್ಲವನ್ನೂ ನೋಡುತ್ತಾರೆ. ತಿರುಗಿಸಿದ ಸ್ಟಿಯರಿಂಗ್ ಬಿಟ್ಟರೆ ತಾನಾಗಿ ನೇರಕ್ಕೆ ಬರಬೇಕು. ದಾರಿಹೋಕರ ಮೈಗೆ ತಾಗಬಹುದಾದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು. ದಾನಿ ಕಾರಿನ ಕಾಗದಪತ್ರ, ಕೊಂಡ ಭಾಗಗಳ ರಸೀದಿ, ಕಟ್ಟಿದ ಹಂತಗಳ ಫೋಟೊ ಇವೆಲ್ಲ ನೋಂದಣಿಯ ಹೊತ್ತಿಗೆ ಬೇಕಾಗುತ್ತವೆ. ಗುಮಾಸ್ತೆಯ ನೋಟ್‌ಬುಕ್ ಅಲ್ಲಿಯೂ ನೆರವಿಗೆ ಬಂತು.

2024ರ ವಸಂತದಲ್ಲಿ ನಮ್ಮ ಕಾರು ಮೊದಲ ಸಲ ಪರೀಕ್ಷೆಗೆ ಹೋಗಿ ಅನುತ್ತೀರ್ಣವಾಯಿತು. ಕಾರಣ ಬ್ರೇಕಲ್ಲ, ಹಿಂದಿನ ನಂಬರ್ ಪ್ಲೇಟಿನ ಹಿಡಿಕೆಯ ಚೂಪು ಅಂಚು ಮತ್ತು ಮುಚ್ಚಳ ಹಾಕಲು ಮರೆತ ಎರಡು ನಟ್ಟುಗಳು. ಭಾವಮೈದುನ ಅಂಚನ್ನು ಅರದಿಂದ ಉಜ್ಜಿ, ನಟ್ಟುಗಳಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಿ ಮತ್ತೆ ಕೊಂಡೊಯ್ದ. ಪಾಸಾದ ಸುದ್ದಿ ಬಂದಾಗ ನಾವು ನೈಫ್‌ನಲ್ಲಿ ರಾತ್ರಿಯ ಊಟಕ್ಕೆ ಕೂತಿದ್ದೆವು. ಕಾರಿನಲ್ಲಿರುವುದು ಎರಡೇ ಸೀಟು, ಕಟ್ಟಿದವರು ಏಳು ಜನ. ಮುಂದಿನ ರಜೆಯಲ್ಲಿ ಪಕ್ಕದ ಸೀಟಿನ ಮೊದಲ ಸರದಿ ಯಾರದೆಂದು ಮಗಳನ್ನು ಕೇಳಿದರೆ, ಪೆಡಲ್ ಒತ್ತಿದವರದ್ದಂತೆ.