ಪಾದಯಾತ್ರಿಕರಿಗೆ ಅಡವಿಯ ಪಾಠ

ಯುಗಾದಿಗೆ ಮುಂಚೆ ಏಕಸಂಬಿ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಿಂದ ಶ್ರೀಶೈಲಕ್ಕೆ ನಡೆದು ಬರುವ ಭಕ್ತರು ಆತ್ಮಕೂರು ದಾಟಿದ ಮೇಲೆ ನಲ್ಲಮಲ ಅಡವಿಯನ್ನು ಹೊಗುತ್ತಾರೆ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ದಾರಿಯಲ್ಲಿ ಆಗ ಬಹಳಷ್ಟು ಮರಗಳು ಬೋಳಾಗಿರುತ್ತವೆ. ‘ಅಡವಿ ಸತ್ತೈತಿ’ ಎಂದು ತಿಳಿಯಬಾರದು.

ಎಲೆ ಏಕೆ ಉದುರುತ್ತದೆ? ಮಾಘ, ಫಾಲ್ಗುಣದಲ್ಲಿ ನೆಲದ ತೇವ ಆರುತ್ತದೆ. ಇದ್ದ ನೀರು ಎಲೆಯಿಂದ ಆವಿಯಾಗಿ ಹೋಗದಿರಲೆಂದು ಸಾಗವಾನಿ, ಮತ್ತಿಯಂಥ ಮರಗಳು ಎಲೆ ಕಳಚುತ್ತವೆ. ಹಸಿರು ಅಳಿದಾಗ ಒಳಗಿದ್ದ ಹಳದಿ ಕಾಣುತ್ತದೆ. ಕೆಂಪು ಚಿಗುರೂ ರೋಗವಲ್ಲ, ಎಳೆ ಎಲೆಯನ್ನು ಬಿಸಿಲಿನಿಂದ ಕಾಯುವ ಬಣ್ಣವದು. ಮಳೆಗಾಲದಲ್ಲಿ ಸಾಗವಾನಿ ಎಲೆ ಜಾಳಿಗೆಯಂತಾದರೆ ಅದು ಹುಳದ ಕೆಲಸ. ಸಾಮಾನ್ಯವಾಗಿ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ.

ಹುಳ ತಿಂದರೂ ಚೇತರಿಸುವ ಅಡವಿ, ವರ್ಷವರ್ಷ ಬೆಂಕಿ ಬಿದ್ದರೆ ಚೇತರಿಸಲಾರದು. ಕಬ್ಬಿನ ರವದಿಗೆ ಕಿಡಿ ಬಿದ್ದರೆ ಹೆಂಗ ಓಡತೈತಿ ಅನ್ನೋದು ನಮ್ಮ ರೈತರಿಗೆ ಗೊತ್ತು. ಹೊಲಕ್ಕೆ ಬದುವಾದರೂ ಇದೆ, ಅಡವಿಗೆ ಎಲ್ಲಿಯ ಬದು? ಸಸಿಗಳು, ಹಕ್ಕಿಯ ಮೊಟ್ಟೆ, ಪ್ರಾಣಿಗಳ ಮರಿ ಸುಡುತ್ತವೆ. ಎಲೆಯ ಹೊದಿಕೆ ಹೋದ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ, ನೀರು ಇಂಗುವುದು ಕಡಿಮೆಯಾಗುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 10 ಸಾವಿರ ಎಕರೆ ಅಡವಿ ಸುಟ್ಟಿತು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಕಾಳ್ಗಿಚ್ಚಿಗೆ ಸಿಕ್ಕು ಜೀವ ಕಳೆದುಕೊಂಡರು. ನಮ್ಮ ದೇಶದ ಕಾಳ್ಗಿಚ್ಚು ಬಹುಪಾಲು ಮನುಷ್ಯರ ಕೈಯಿಂದಲೇ ಹತ್ತುವುದು.

ಆದ್ದರಿಂದ ಭಕ್ತಾದಿಗಳು ನೆನಪಿಡಬೇಕಾದ ಮಾತುಗಳು:

1. ಅಡವಿಯೊಳಗೆ ಒಲೆ ಹೂಡಬೇಡಿರಿ. ಊಟಕ್ಕೆ ದಾಸೋಹದ ಠಾವುಗಳಿವೆ.
2. ಮರದ ಬುಡದಲ್ಲಿ ಕರ್ಪೂರ, ಊದಿನಕಡ್ಡಿ ಹಚ್ಚಬೇಡಿರಿ. ಕೈ ಮುಗಿದರೆ ಸಾಕು.
3. ದಾರಿಯಲ್ಲಿ ಬೀಡಿ ಸೇದಲೇಬೇಡಿರಿ. ಎಸೆದ ತುಂಡೊಂದೇ ಸಾಕು ಗುಡ್ಡ ಸುಡಲಿಕ್ಕೆ.
4. ಹೊಗೆ ಕಂಡರೆ ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಿರಿ, ಇಲ್ಲವೇ 112ಕ್ಕೆ ಫೋನ್ ಮಾಡಿರಿ.
5. ಬೆಂಕಿ ಹತ್ತಿರ ಬಂದರೆ ಗುಡ್ಡ ಏರಿ ಓಡಬೇಡಿರಿ. ಏರಿನಲ್ಲಿ ಬೆಂಕಿ ನಿಮಗಿಂತ ಜೋರು ಓಡುತ್ತದೆ. ಗಾಳಿ ಬೀಸುವ ದಿಕ್ಕಿಗೂ ಓಡದೆ, ಪಕ್ಕಕ್ಕೆ ಸರಿದು ಹುಲ್ಲಿಲ್ಲದ ಬಂಡೆ ಅಥವಾ ಆಗಲೇ ಸುಟ್ಟು ಆರಿದ ನೆಲ ಸೇರಿರಿ.
6. ನಡೆಯುವಾಗ ಹತ್ತಿಬಟ್ಟೆಯೇ ಒಳ್ಳೆಯದು. ಪಾಲಿಸ್ಟರ್ ಕರಗಿ ಮೈಗೆ ಅಂಟುತ್ತದೆ.

ಅಡವಿ ಉಳಿದರೆ ಕೊಳ್ಳದಾಗ ನೀರು. ನೀರಿದ್ದರೆ ಮುಂದಿನ ವರ್ಷದ ಕಂಬಿಗೆ ದಾರಿ. ಮಲ್ಲಯ್ಯ ಎಲ್ಲರನ್ನೂ ಕಾಯಲಿ. ಅವನ ಅಡವಿಯನ್ನು ನಾವು ಕಾಯೋಣ.