ದೋಣಿಯ ಡೀಸೆಲ್‌ಗೆ ನೀರು ಸೇರದಂತೆ ನೋಡಿಕೊಳ್ಳಿ

ಎಜ್‌ವೇರ್‌ನಲ್ಲಿ ಇದ್ದುಕೊಂಡು ಆಲ್ಪರ್ಟನ್, ಗ್ರೀನ್‌ಫರ್ಡ್ ಕಡೆ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದೋಣಿಗಳಲ್ಲಿ ಕೆಲಸ ಮಾಡುವವರಿಗೆ ಈ ಪಾಠ. ಮಲ್ಪೆ, ಮಂಗಳೂರು ಬಂದರಿನಲ್ಲಿ ಕೆಲಸ ಮಾಡಿದವರಿಗೆ ಡೀಸೆಲ್ ಎಂಜಿನ್ ಹೊಸದಲ್ಲ. ಆದರೆ ಇಲ್ಲಿನ ನ್ಯಾರೋಬೋಟ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತವೆ. ಆಗಲೇ ಡೀಸೆಲ್ ಕೆಡೋದು. ಕಾಲುವೆಯಲ್ಲಿ ಎಂಜಿನ್ ನಿಂತರೆ ಹಗ್ಗ ಹಾಕಿ ದಡಕ್ಕೆ ಎಳೆಯಬಹುದು. ಬ್ರೆಂಟ್‌ಫರ್ಡ್ ದಾಟಿ ಥೇಮ್ಸ್‌ಗೆ ಇಳಿದ ಮೇಲೆ ನಿಂತರೆ ಉಬ್ಬರ ಇಳಿತದ ಸೆಳೆತಕ್ಕೆ ಸಿಕ್ಕಿದ ಹಾಗೆಯೇ.

ನೀರು ಎಲ್ಲಿಂದ ಬರುತ್ತೆ?

• ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ಚಳಿಗೆ ಹನಿಯಾಗಿ ಇಳಿಯುತ್ತದೆ.
• ಮುಚ್ಚಳದ ರಬ್ಬರ್ ರಿಂಗ್ ಸವೆದಿದ್ದರೆ ಮಳೆನೀರು ಒಳಗೆ ಹೋಗುತ್ತದೆ.
• ಕುಡಿಯುವ ನೀರಿನ ಪೈಪನ್ನು ಡೀಸೆಲ್ ಬಾಯಿಗೆ ಹಾಕಿಬಿಡುವುದೂ ಉಂಟು. ಮುಚ್ಚಳದ ಮೇಲಿನ ಬರಹ ಓದದೆ ಯಾವುದನ್ನೂ ತೆರೆಯಬೇಡಿ.

ಒಂದು ಲೀಟರ್ ನೀರು 1 ಕಿಲೋ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ. ಹಾಗಾಗಿ ನೀರು ಯಾವಾಗಲೂ ತಳದಲ್ಲೇ ಕೂರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ಅಲುಗಾಡಿದಾಗ ಅದು ಮೇಲೆದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ.

ಹೊರಡುವ ಮುಂಚೆ ಮಾಡಬೇಕಾದ್ದು

1. ಎಂಜಿನ್ ಆಫ್ ಮಾಡಿ, ಆರಲು ಬಿಡಿ. ಹತ್ತಿರ ಬೀಡಿ, ಸಿಗರೇಟು, ಒಲೆ ಏನೂ ಇರಬಾರದು.
2. ನೀರು ಬೇರ್ಪಡಿಸುವ ಫಿಲ್ಟರಿನ ಕೆಳಗೆ ಪಾರದರ್ಶಕ ಜಾಡಿ ಹಿಡಿಯಿರಿ.
3. ತಳದ ತಿರುಪನ್ನು ನಿಧಾನವಾಗಿ ಸಡಿಲಿಸಿ, ಸ್ವಲ್ಪ ಹರಿಯಲು ಬಿಡಿ.
4. ಜಾಡಿಯನ್ನು ಐದು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಬರೀ ಡೀಸೆಲ್ ಬರುವವರೆಗೆ ಮತ್ತೆ ತೆಗೆಯಿರಿ.
5. ತಿರುಪು ಬಿಗಿಮಾಡಿ, ಸೋರುತ್ತಿಲ್ಲವೆಂದು ಬೆರಳಿನಿಂದಲ್ಲ, ಒಣ ಬಟ್ಟೆಯಿಂದ ಒರೆಸಿ ನೋಡಿ. ಗಾಳಿ ಸೇರಿದ್ದರೆ ಅದನ್ನು ತೆಗೆದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಿ.

ಪ್ರತಿ ಸಲ ನೀರು ಬರುತ್ತಿದ್ದರೆ, ಕಪ್ಪು ಲೋಳೆ ಕಂಡರೆ, ಫಿಲ್ಟರ್ ಬದಲಿಸಿ ಸುಮ್ಮನಾಗಬೇಡಿ. ಟ್ಯಾಂಕನ್ನೇ ಶುಚಿ ಮಾಡಿಸಬೇಕು. ಮೇಲಿನವರಿಗೆ “ವಾಟರ್ ಇನ್ ದ ಫ್ಯೂಯಲ್” ಎಂದು ಹೇಳಿ. ಅಷ್ಟು ಇಂಗ್ಲಿಷ್ ಸಾಕು. ಚಳಿಗಾಲಕ್ಕೆ ದೋಣಿ ನಿಲ್ಲಿಸುವಾಗ ಟ್ಯಾಂಕನ್ನು ಹೆಚ್ಚುಕಡಿಮೆ ತುಂಬಿಸಿಡಿ.

ತೆಗೆದ ನೀರನ್ನು ಕಾಲುವೆಗೆ ಚೆಲ್ಲಬೇಡಿ

ಅದರಲ್ಲಿ ಡೀಸೆಲ್ ಇರುತ್ತದೆ. ಚೆಲ್ಲುವುದು ಕಾನೂನಿಗೆ ವಿರುದ್ಧ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಬೋಟ್‌ಯಾರ್ಡಿನ ತ್ಯಾಜ್ಯ ಎಣ್ಣೆಯ ಜಾಗಕ್ಕೆ ಕೊಡಿ. ಅಕಸ್ಮಾತ್ ಚೆಲ್ಲಿದರೆ ಮುಚ್ಚಿಡಬೇಡಿ, ತಕ್ಷಣ ತಿಳಿಸಿ. ಪರಿಸರ ಇಲಾಖೆಯ ಉಚಿತ ಫೋನ್: 0800 80 70 60.

ನಿಮ್ಮ ಹಕ್ಕು

ಡೀಸೆಲ್ ಚರ್ಮಕ್ಕೆ ಒಳ್ಳೆಯದಲ್ಲ. ಕೆಲಸಕ್ಕೆ ಬೇಕಾದ ಕೈಗವಸು, ಕನ್ನಡಕವನ್ನು ಮಾಲೀಕರೇ ಉಚಿತವಾಗಿ ಕೊಡಬೇಕು. 6 ಏಪ್ರಿಲ್ 2022ರಿಂದ ಈ ನಿಯಮ ಕ್ಯಾಶುವಲ್ ಕೆಲಸಗಾರರಿಗೂ ಅನ್ವಯಿಸುತ್ತದೆ. ಸಂಬಳದಲ್ಲಿ ಹಣ ಹಿಡಿಯುವಂತಿಲ್ಲ. ಈ ಕೆಲಸ ನಿಮಗೆ ಯಾರೂ ಕಲಿಸಿಲ್ಲವೆಂದರೆ “ಮೊದಲು ತೋರಿಸಿ, ಆಮೇಲೆ ಮಾಡ್ತೀನಿ” ಅನ್ನಿ. ಹಾಗೆ ಕೇಳುವುದಕ್ಕೆ ಸಂಕೋಚ ಬೇಡ.